ಎಡಮಗ್ಗುಲು ಬಿಚ್ಚಿದ ಜಂಪರು

"ವೀರಭದ್ರಮ್ಮ ಕುಂತ್ರ ಕಟ್ಟಿ ತುಂಬತೈತಿ, ಎದ್ರ ಓಣಿ ತುಂಬತೈತಿ" ಅಂತ ಕುರುಗೋಡಿನ ಆ ಓಣಿಯ ಹೆಂಗಸರು ಪದ ಕಟ್ಟಿದ ಹಾಗೆ ಹೇಳುತ್ತಿದ್ದರು. ನಲ್ಲಿಯ ಮುಂದೆ ಕೊಡ ಇಟ್ಟು ಹೇಳುತ್ತಿದ್ದರು, ಹಿಟ್ಟಿನ ಗಿರಣಿಯಲ್ಲಿ ಪಾಳಿಗೆ ನಿಂತು ಹೇಳುತ್ತಿದ್ದರು, ಒಮ್ಮೊಮ್ಮೆ ಆಕೆಗೆ ಕೇಳಿಸಲಿ ಅಂತಲೇ ಹೇಳುತ್ತಿದ್ದರು. ಎದುರುಮನೆಯ ಪಕ್ಕೀರಮ್ಮನದು ಬೇರೆಯೇ ಮಾತು: "ಉಣ್ಣಾಕಿ ಒಬ್ಬಾಕಿ, ಮೈ ಮಾತ್ರ ನಾಕು ಮಂದೀದು." ಹಾಗಂದು ತಾನೇ ಮೊದಲು ನಕ್ಕು, ಅದೇ ಸಂಜೆ ವೀರಭದ್ರಮ್ಮನ ಕಟ್ಟೆಗೆ ಬಂದು, "ಯಕ್ಕಾ, ಈ ಜಂಪರೊಂದು ಸೋಮವಾರಕ್ಕ ಬೇಕಿತ್ತು. ನಿನ್ನ ಹೊಲಿಗಿ ಇಲ್ದ ನಾ ಮದುವಿ ಮನಿ ಹೊಸ್ತಿಲಾ ದಾಟಂಗಿಲ್ಲ ನೋಡು" ಅಂತ ಗೋಗರೆಯುತ್ತಿದ್ದಳು.

ವೀರಭದ್ರಮ್ಮನೂ ನಗುತ್ತಿದ್ದಳು. ನಗದೆ ಹೋದರೆ ಮಾತು ಇನ್ನೂ ಉದ್ದವಾಗುತ್ತದೆ ಅನ್ನುವುದು ಆಕೆಗೆ ಗೊತ್ತಿತ್ತು.

ಆದರೆ ಆಕೆ ಹುಟ್ಟಿದ್ದು ಹೀಗಲ್ಲ. ಸಿರುಗುಪ್ಪದ ಹುಡುಗಿ, ಕಾಲುವೆ ನೀರು ಉಂಡು ಭತ್ತ ಬೆಳೆಯುವ ಸೀಮೆಯವಳು. ಮೈ ಮಾತ್ರ ಜೋಳದ ದಂಟು. ತನಗಿಂತ ಎಂಟು ವರ್ಷ ಸಣ್ಣವನಾದ ತಮ್ಮ ಚನ್ನಬಸವರಾಜನನ್ನು ಸೊಂಟದ ಮೇಲೆ ಹೊತ್ತು ಓಡಾಡುವಾಗ, ಕೂಸು ಯಾವುದು ಹೊತ್ತವಳು ಯಾವಳು ಅಂತ ಕೇಳುವಂತಿದ್ದಳು. ಹೆಣ್ಣು ನೋಡಲು ಬಂದ ಕುರುಗೋಡಿನ ಅತ್ತೆ, "ಹುಡುಗಿ ಚಲೋ ಐತ್ರಿ, ಆದರ ಗಾಳಿಗೆ ಹಾರೀತು. ಸೆರಗಿಗೆ ಒಂದು ಕಲ್ಲು ಕಟ್ಟಿ ಕಳಿಸ್ರಿ" ಅಂದಿದ್ದಳು.

ಗಂಡ ಗಾದಿಲಿಂಗಪ್ಪ ಕುರುಗೋಡಿನ ದಲ್ಲಾಳಿ ಅಂಗಡಿಯಲ್ಲಿ ಚೀಲ ತೂಗುವವನು. ಮದುವೆಯಾದ ಹೊಸತರಲ್ಲಿ ಒಂದು ದಿನ ಬುತ್ತಿ ಕೊಡಲು ಬಂದ ಹೆಂಡತಿಯನ್ನು, ಯಾರೂ ಇಲ್ಲದ ಹೊತ್ತು ನೋಡಿ, ಚೀಲದ ತಕ್ಕಡಿಯ ಮೇಲೆ ನಿಲ್ಲಿಸಿದ. ಮುಳ್ಳು ನೋಡಿ, "ನಲವತ್ತೆರಡು. ಲೇ, ಒಂದು ಚೀಲ ಮೆಣಸಿನಕಾಯಿ ನಿನಗಿಂತ ತೂಕ ಐತಲ್ಲ!" ಅಂದ. ಇಬ್ಬರೂ ನಕ್ಕರು. ತನ್ನ ತೂಕ ಕೇಳಿ ವೀರಭದ್ರಮ್ಮ ಮನಸಾರೆ ನಕ್ಕದ್ದು ಅದೊಂದೇ ಸಲ.

ಹನ್ನೊಂದು ವರ್ಷ ಬಾಳಿದರು. ಮಕ್ಕಳಾಗಲಿಲ್ಲ. ಒಂದು ಬೇಸಿಗೆಯಲ್ಲಿ ಕಾಮಾಲೆ ಆಗಿ ಗಾದಿಲಿಂಗಪ್ಪ ಹೋದ. ಅತ್ತೆ ಮೊದಲೇ ಹೋಗಿದ್ದಳು. ಮೂವತ್ತೊಂದನೆಯ ವಯಸ್ಸಿಗೆ ಆಕೆಗೆ ಉಳಿದದ್ದು ಒಂದು ಬಾಡಿಗೆ ಮನೆ, ಮುಂದೊಂದು ಕಟ್ಟೆ, ಒಂದು ಹೊಲಿಗೆ ಮಷಿನ್ನು. ತಮ್ಮ ಸಿರುಗುಪ್ಪಕ್ಕೆ ಕರೆದ. "ಬ್ಯಾಡಪ್ಪ. ನಾ ಇಲ್ಲೇ ಇರ್ತೀನಿ. ಒಬ್ಬರ ಮ್ಯಾಲ ಭಾರ ಹಾಕಬಾರದು" ಅಂದಳು. ಅಂದ ಹಾಗೇ ಬದುಕಿದಳು. ಬೀದಿಯಲ್ಲಿ ಎಡವಿದರೂ ಪಕ್ಕದವರ ಕೈ ಹಿಡಿಯುತ್ತಿರಲಿಲ್ಲ, ಗೋಡೆ ಹಿಡಿಯುತ್ತಿದ್ದಳು.

ಕೆಲಸವೆಂದರೆ ಬೆಳಿಗ್ಗೆ ಎಂಟಕ್ಕೆ ಮಷಿನ್ನಿನ ಮುಂದೆ ಕೂತರೆ ದೀಪ ಹಚ್ಚುವ ಹೊತ್ತಿನವರೆಗೆ ಕೂತದ್ದೇ. ಒಬ್ಬಳಿಗಾಗಿ ಒಲೆ ಹಚ್ಚುವುದು ಏನು ಅಂತ ಮೂಲೆಯ ಹೋಟೆಲಿನಿಂದ ಒಗ್ಗರಣೆ ಮಂಡಕ್ಕಿ, ನಾಲ್ಕು ಮಿರ್ಚಿ ತರಿಸುತ್ತಿದ್ದಳು. ಗಿರಾಕಿ ಬಂದರೆ ಚಹಾ, ಬರದಿದ್ದರೆ ಬೇಸರಕ್ಕೆ ಚಹಾ. ಎದುರಿಗೆ ಕೂತು ಉಣ್ಣುವವರಿದ್ದರೆ ಸಾಕು ಅನ್ನಲು ಒಂದು ಬಾಯಿ ಇರುತ್ತದೆ. ಒಂಟಿ ತಟ್ಟೆಗೆ ಸಾಕು ಅನ್ನುವವರಿಲ್ಲ. ನಲವತ್ತು ದಾಟುವುದರೊಳಗೆ ಆಕೆ ಮೈತುಂಬಿಕೊಂಡಳು. ನಲವತ್ತೊಂಬತ್ತಕ್ಕೆ ಮುಟ್ಟು ನಿಂತಿತು. ಆಮೇಲೆ ತುಂಬಿದ್ದು ನಿಲ್ಲಲೇ ಇಲ್ಲ.

ಆಕೆಯ ಹೊಲಿಗೆಗೆ ಹೆಸರಿದ್ದದ್ದು ಒಂದು ಕಾರಣಕ್ಕೆ. ಜಂಪರಿನ ಎರಡೂ ಮಗ್ಗುಲಿಗೆ, ಹೊಲಿಗೆಯ ಒಳಗಡೆ, ಎರಡು ಬೆರಳು ಬಟ್ಟೆ ಬಿಟ್ಟು ಹೊಲಿಯುತ್ತಿದ್ದಳು. ಹೆಣ್ಣು ಬಸುರಿಯಾದರೆ, ಬಾಣಂತಿಯಾದರೆ, ಸುಮ್ಮನೆ ನಾಲ್ಕು ವರ್ಷ ಕಳೆದರೂ, ಹಳೆಯ ಹೊಲಿಗೆ ಬಿಚ್ಚಿ ಆಚೆಗೊಂದು ಹೊಲಿಗೆ ಹಾಕಿದರೆ ಜಂಪರು ಮತ್ತೆ ಮೈಗೆ ಬರುತ್ತಿತ್ತು. ಊರಿನ ಹೆಂಗಸರ ಎದೆ, ತೋಳು, ನಡುವಿನ ಅಳತೆ ಅಷ್ಟೂ ಆಕೆಯ ಬಾಯಲ್ಲಿತ್ತು. ಆಕೆಯ ಅಳತೆ ಮಾತ್ರ ಯಾರಿಗೂ ಗೊತ್ತಿರಲಿಲ್ಲ, ಆಕೆಗೂ ಗೊತ್ತಿರಲಿಲ್ಲ. ತನಗೆ ಹೊಲಿದುಕೊಳ್ಳುವಾಗ ಟೇಪು ಹಿಡಿಯುತ್ತಿರಲಿಲ್ಲ. ಹಳೆಯ ಜಂಪರನ್ನು ಬಟ್ಟೆಯ ಮೇಲೆ ಹಾಸಿ, ಸುತ್ತಲೂ ಒಂದು ಬೆರಳು ಹೆಚ್ಚು ಬಿಟ್ಟು ಕತ್ತರಿಸುತ್ತಿದ್ದಳು.

ಐವತ್ತನಾಲ್ಕನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಮೈ ತೊಳೆಯುವಾಗ ಕೈಗೆ ಅದು ಸಿಕ್ಕಿತು. ಎಡಗಡೆ ಎದೆಯಲ್ಲಿ, ಲಿಂಗದ ಕರಡಿಗೆ ಬಂದು ತಾಗುವ ಜಾಗದಲ್ಲಿಯೇ, ಹಸಿ ಶೇಂಗಾ ಬೀಜದಷ್ಟು ಗಟ್ಟಿ. ನೋವಿಲ್ಲ, ಕೆಂಪಿಲ್ಲ.

ಬೆಳ್ಳಿಯ ಕರಡಿಗೆ ಆಕೆಯ ಕೊರಳಲ್ಲಿ ತೊಟ್ಟಿಲ ಕೂಸಿದ್ದಾಗಿನಿಂದ ಇದ್ದದ್ದು. ದಾರ ಬದಲಾದೀತು, ಒಳಗಿನ ಲಿಂಗ ಬದಲಾಗದು. ಅದನ್ನು ಬಿಟ್ಟು ಒಂದು ಗಳಿಗೆ ಇದ್ದವಳಲ್ಲ. ದಿನಾ ಹತ್ತು ತಾಸು ಮಷಿನ್ನಿನ ಮೇಲೆ ಬಗ್ಗಿ ಕೂರುವಾಗ ಕರಡಿಗೆ ಎದೆಗೂ ಮಷಿನ್ನಿಗೂ ನಡುವೆ ಸಿಕ್ಕು ಒತ್ತುತ್ತಿತ್ತು. ಮೈ ಬೆಳೆದ ಮೇಲೆ ಇನ್ನೂ ಹೆಚ್ಚು. "ಕರಡಿಗಿ ಒತ್ತಿ ಒತ್ತಿ ಗಟ್ಟಿ ಆಗೈತಿ" ಅಂದುಕೊಂಡಳು. ಚಪ್ಪಲಿ ಉಜ್ಜಿದಲ್ಲಿ ಆಣಿ ಆಗುವುದಿಲ್ಲವೆ? ಹಾಗೆಯೇ. ಆ ದಿನವೇ ಶಿವದಾರವನ್ನು ನಾಲ್ಕು ಬೆರಳು ಉದ್ದ ಮಾಡಿ, ಕರಡಿಗೆ ಕೆಳಗೆ ಹೊಟ್ಟೆಯ ಮೇಲೆ ಬರುವ ಹಾಗೆ ಕಟ್ಟಿದಳು. ಇನ್ನು ಒತ್ತುವುದಿಲ್ಲ, ಕರಗುತ್ತದೆ ಅಂದುಕೊಂಡಳು.

ಕರಗಲಿಲ್ಲ. ಆರು ತಿಂಗಳಿಗೆ ಗೋಲಿಯಷ್ಟಾಯಿತು.

ಸುಧಾರಾಣಿ ಬಂದದ್ದು ಆಗ. ಮೂವತ್ತನಾಲ್ಕರ ಹೆಣ್ಣು, ಆ ಓಣಿಯ ಆಶಾ ಕಾರ್ಯಕರ್ತೆ. ಕಾಲಿಗೆ ಚಕ್ರ, ನಾಲಗೆಗೆ ಇನ್ನೆರಡು ಹೆಚ್ಚು ಚಕ್ರ. ಮನಸ್ಸು ಮಾತ್ರ ಹಾಲು. ಮೂವತ್ತು ದಾಟಿದವರೆಲ್ಲರ ಆರೋಗ್ಯದ ಫಾರಂ ತುಂಬುವ ಕೆಲಸ ಬಂದಿತ್ತು. ವೀರಭದ್ರಮ್ಮನ ಕಟ್ಟೆಯ ಮೇಲೆ ಪಕ್ಕೀರಮ್ಮ, ಇನ್ನಿಬ್ಬರು ಹೆಂಗಸರು ಜಂಪರಿಗೆ ಕಾಯುತ್ತ ಕೂತಿದ್ದರು.

"ಅಕ್ಕಾ, ಬೀಡಿ ಗೀಡಿ ಸೇದ್ತೀರೇನ್ರಿ?"

"ಹೂಂ ಬರಕೋ. ದಿನಾ ಎರಡು ಕಟ್ಟು" ಅಂದಳು ವೀರಭದ್ರಮ್ಮ. ಕಟ್ಟೆ ನಕ್ಕಿತು.

"ವಾರಕ್ಕ ಎಷ್ಟು ಹೊತ್ತು ನಡೀತೀರಿ?"

"ಮಷಿನ್ನಿನಿಂದ ಚಹಾದ ಒಲಿ ತನಕ."

ಮತ್ತೆ ನಗೆ. ಆಮೇಲೆ ಸುಧಾರಾಣಿ ಬ್ಯಾಗಿನಿಂದ ಅಳತೆಯ ಟೇಪು ತೆಗೆದಳು. "ಏಳ್ರಿ ಅಕ್ಕಾ, ನಡಾ ಅಳೀಬೇಕು. ಫಾರಂನ್ಯಾಗ ಐತಿ."

"ನನಗ ಟೇಪು ಹಿಡಿಯಾಕಿ ನೀನು?"

"ಹಿಡೀಬೇಕಲ್ರಿ." ಸುಧಾರಾಣಿ ಟೇಪನ್ನು ಗಾಳಿಯಲ್ಲಿ ಉದ್ದ ಬಿಟ್ಟು, ಆಕೆಯನ್ನು ಮೇಲಿಂದ ಕೆಳಗೆ ನೋಡಿ, ಬಾಯಿ ತಡೆಯಲಾರದೆ ಅಂದುಬಿಟ್ಟಳು: "ಸರ್ಕಾರದ ಟೇಪು ಸಾಲೂದಿಲ್ಲ ಅನಸ್ತೈತಿ. ನಿಮ್ದೂ ಒಂದು ಕೊಡ್ರಿ, ಜೋಡಿಸಿ ನೋಡೂಣು."

ಪಕ್ಕೀರಮ್ಮ ನಕ್ಕ ನಗೆಗೆ ಆಕೆಯ ಬಾಯಿಯ ಎಲೆಯಡಿಕೆ ಅಂಗಳಕ್ಕೆ ಬಿತ್ತು. ಸುಧಾರಾಣಿಯೂ ನಕ್ಕಳು. ವೀರಭದ್ರಮ್ಮ ಆ ದಿನ ನಗಲಿಲ್ಲ. ಮಷಿನ್ನಿನ ಗಾಲಿಯ ಮೇಲೆ ಕೈ ಇಟ್ಟು ಕೂತೇ ಇದ್ದಳು.

"ಅಳತಿ ಬ್ಯಾಡ. ಏನರ ಬರಕೋ. ಮುಂದ ಕೇಳು."

ಸುಧಾರಾಣಿಗೆ ತಪ್ಪಿದ್ದು ಹೊಳೆಯಿತು. ದನಿ ತಗ್ಗಿಸಿ ಮುಂದಿನದು ಕೇಳಿದಳು. "ಎದ್ಯಾಗ ಏನರ ಗಂಟು, ಗಡ್ಡಿ ಹತ್ತೈತೇನ್ರಿ ಅಕ್ಕಾ?"

ಕಟ್ಟೆಯ ಮೇಲಿನವರೆಲ್ಲ ಇನ್ನೂ ಬಾಯಿ ಒರೆಸಿಕೊಳ್ಳುತ್ತಿದ್ದರು.

"ಇಲ್ಲ."

"ಯಾಕ ಕೇಳಿದೆ ಅಂದ್ರ, ಮುಟ್ಟು ನಿಂತ ಮ್ಯಾಲ ತೂಕ ಹೆಚ್ಚಾದವರಿಗೆ ಎದಿ ಕ್ಯಾನ್ಸರ್ ಬರೂ ಅಪಾಯ ಹೆಚ್ಚಂತ, ಟ್ರೈನಿಂಗ್‌ನ್ಯಾಗ ಹೇಳ್ಯಾರ. ನೀವು ತೂಕ ಇಳಿಸ್ರಿ. ಒಮ್ಮೆ ಬಳ್ಳಾರಿಗೆ ಹೋಗಿ ತೋರಿಸ್ಕೊಂಡು ಬರ್ರಿ."

"ಆಯ್ತವ್ವ. ಕಡ್ಡಿ ಆಗಿ ಸಾಯ್ತೀನಿ. ನಡಿ ಇನ್ನ."

ಹೇಳಿದ ಮಾತು ನೂರಕ್ಕೆ ನೂರು ನಿಜ. ಆದರೆ ಅದು ಬಂದದ್ದು ನಗೆಯ ಹಿಂದೆ ನಗೆಯ ಬಟ್ಟೆಯನ್ನೇ ಉಟ್ಟುಕೊಂಡು. ಇಪ್ಪತ್ತು ವರ್ಷ ಕೇಳಿದ ಮಾತುಗಳ ಸಾಲಿನಲ್ಲಿ ವೀರಭದ್ರಮ್ಮ ಅದನ್ನೂ ನಿಲ್ಲಿಸಿದಳು.

ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿ, ತನ್ನದೇ ಟೇಪು ತೆಗೆದು ಎದೆಗೆ ಸುತ್ತಿದಳು. ಎರಡು ತುದಿ ಕೂಡಿದವು. ಅಂಕಿ ನೋಡದೆ ಬಿಟ್ಟುಬಿಟ್ಟಳು. ಆಮೇಲೆ ಕೈ ತಾನಾಗಿ ಎಡಗಡೆಗೆ ಹೋಯಿತು. ಇಲ್ಲ ಅಂದದ್ದು ಅಲ್ಲೇ ಇತ್ತು.

ಆಸ್ಪತ್ರೆಗೆ ಹೋಗಬಾರದೆಂದೇನೂ ಇರಲಿಲ್ಲ. ಆದರೆ ಗಂಡನ ಜೊತೆ ಬಳ್ಳಾರಿಯ ಆಸ್ಪತ್ರೆಗೆ ಓಡಾಡಿದ ದಿನಗಳು ಆಕೆಗೆ ನೆನಪಿದ್ದವು. ಅಲ್ಲಿ ಮೊದಲು ತೂಕದ ಮಷಿನ್ನಿನ ಮೇಲೆ ಹತ್ತಿಸುತ್ತಾರೆ. ನಿಲ್ಲಿಸಿದವಳು ಅಂಕಿಯನ್ನು ಕೂಗುತ್ತಾಳೆ, ಆಚೆ ಕೂತವಳು ಬರೆದುಕೊಳ್ಳುತ್ತಾಳೆ. ನಡುವೆ ಪಾಳಿಯಲ್ಲಿ ಐವತ್ತು ಮಂದಿ. ಆಮೇಲೆ ಎದೆ ತೆರೆದು ತೋರಿಸಬೇಕು. ಗಾದಿಲಿಂಗಪ್ಪ ಹೋದ ಮೇಲೆ ಆ ಮೈಯನ್ನು ಕಂಡವರಿಲ್ಲ, ಮುಟ್ಟಿದವರಿಲ್ಲ. ಸಾಯುವ ಅಂಜಿಕೆಗಿಂತ ಆ ಕೂಗಿನ ಅಂಜಿಕೆ ಆಕೆಗೆ ದೊಡ್ಡದಾಗಿತ್ತು.

ಒಂದು ಸಲ ಹೊರಟಳು ಕೂಡ. ಇಸ್ತ್ರಿ ಸೀರೆ ಉಟ್ಟು ಬೆಳಗಿನ ಬಸ್ಸು ಹತ್ತಿದಳು. ಕಿಟಕಿಯ ಹೊರಗೆ ಮೆಣಸಿನಕಾಯಿ ಹೊಲಗಳು ಓಡುತ್ತಿದ್ದವು; ಆಕೆಯ ಪಕ್ಕದ ಸೀಟು ಬಳ್ಳಾರಿಯವರೆಗೂ ಖಾಲಿಯೇ ಇತ್ತು. ಇಳಿದವಳು ಆಸ್ಪತ್ರೆಯ ಕಡೆ ನಾಲ್ಕು ಹೆಜ್ಜೆ ನಡೆದು, ತಿರುಗಿ ಕೌಲ್ ಬಜಾರಿನ ದಾರಿ ಹಿಡಿದಳು. ಅಸ್ತರು ಬಟ್ಟೆಯ ಅಂಗಡಿಯ ಮುದುಕ ಸಾಹೇಬರು, "ಆವೋ ಅಮ್ಮಾ, ಭಾಳ ದಿನ ಆಯ್ತು. ಮೈಯಾಗ ಸರಿ ಇಲ್ಲೇನು, ಮುಖ ಬಾಡೈತಿ" ಅಂದರು. ಆ ವರ್ಷ ಆಕೆಯ ಮುಖ ನೋಡಿ ಹಾಗೆ ಕೇಳಿದವರು ಅವರೊಬ್ಬರೇ. ಬಾಯಿಗೆ ಬಂದದ್ದನ್ನು ನುಂಗಿ, "ಬಿಸಲು ಸಾಹೇಬ್ರ" ಅಂದಳು. ಎರಡು ವರ್ಷಕ್ಕಾಗುವಷ್ಟು ಅಸ್ತರು, ಹುಕ್ಕು, ದಾರದ ಉಂಡೆ ಕೊಂಡು ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದಳು.

ಅಷ್ಟರಲ್ಲಿ ಜಂಪರು ಎಡಗಡೆ ಬಿಗಿಯತೊಡಗಿತು. ಬಲಗಡೆ ಸಡಿಲ, ಎಡಗಡೆ ಬಿಗಿ. ಬೇರೆ ಯಾವ ಹೆಂಗಸಾದರೂ ಬಂದು ಹೀಗೆ ಹೇಳಿದ್ದರೆ ವೀರಭದ್ರಮ್ಮ ಹುಬ್ಬು ಗಂಟಿಕ್ಕುತ್ತಿದ್ದಳು. ಮೈ ಬೆಳೆದರೆ ಎರಡೂ ಮಗ್ಗುಲು ಬೆಳೆಯುತ್ತದೆ. ಒಂದೇ ಮಗ್ಗುಲು ಬೆಳೆಯುವುದು ಬೊಜ್ಜಲ್ಲ. ತನ್ನದಕ್ಕೆ ಮಾತ್ರ ಕಣ್ಣು ಮುಚ್ಚಿದಳು. ಎಡಮಗ್ಗುಲಿನ ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟಿದ್ದ ಬಟ್ಟೆ ಬಿಟ್ಟು, ಆಚೆಗೊಂದು ಹೊಲಿಗೆ ಹಾಕಿದಳು. ಉಸಿರು ಹಗುರಾಯಿತು. ನಾಲ್ಕು ಜಂಪರಿಗೂ ಹಾಗೇ ಮಾಡಿದಳು. ದೊಡ್ಡ ಕೆಲಸ ಮುಗಿದ ಹಾಗೆ ಚಹಾ ಕಾಸಿಕೊಂಡು ಕುಡಿದಳು.

ಫಾರಂ ತುಂಬಿದ ವರುಷಕ್ಕೆ, ಮಾಘದ ಒಂದು ಮಧ್ಯಾಹ್ನ, ಸುಧಾರಾಣಿ ಆ ಓಣಿಯಲ್ಲಿ ಹೋಗುತ್ತಿದ್ದಳು. ಅಂದಿನಿಂದ ವೀರಭದ್ರಮ್ಮ ಆಕೆಯ ಜೊತೆ ಮಾತು ಬಿಟ್ಟಿದ್ದಳು. ಕಟ್ಟೆ ಬಂದಾಗ ಸುಧಾರಾಣಿ ತಲೆ ತಗ್ಗಿಸಿ ದಾಟುತ್ತಿದ್ದಳು. ಆ ದಿನ ಮಾತ್ರ ತಂತಿಯ ಮೇಲೆ ಒಣಗುತ್ತಿದ್ದ ಹಸಿರು ಜಂಪರು ಕಣ್ಣಿಗೆ ಬಿತ್ತು. ಹಳೆಯದು, ಒಗೆದು ಒಗೆದು ಬಣ್ಣ ಮಾಸಿದ್ದು. ಆದರೆ ಎಡಮಗ್ಗುಲಿಗೆ ಕಂಕುಳಿನಿಂದ ಕೆಳತನಕ ಎರಡು ಬೆರಳಗಲ ಬಣ್ಣ ಮಾಸದ ಪಟ್ಟಿ, ಗಿಳಿಯ ಹಸಿರು. ಇಷ್ಟು ವರ್ಷ ಒಳಗೆ ಬಿಸಿಲು ಕಾಣದೆ ಇದ್ದ ಬಟ್ಟೆ. ಬಲಮಗ್ಗುಲು ನೋಡಿದಳು. ಪಟ್ಟಿ ಇರಲಿಲ್ಲ.

ಸುಧಾರಾಣಿ ತಾನೂ ಆ ಕೈಯ ಜಂಪರು ತೊಟ್ಟವಳೇ. ತನ್ನ ಬಾಣಂತನದಲ್ಲಿ ಎರಡೂ ಕಡೆ ಬಿಚ್ಚಿಸಿಕೊಂಡು ಹೋಗಿದ್ದಳು. ಆಕೆಗೆ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಟ್ಟೆ ಹತ್ತಿ, ಕರೆಯದೆ, ಬಾಗಿಲೊಳಗೆ ಹೋಗಿ ಮಷಿನ್ನಿನ ಪಕ್ಕದಲ್ಲಿ ನೆಲಕ್ಕೇ ಕೂತಳು.

"ಏನು? ಮತ್ತ ಫಾರಂ ಬಂತೇನು?" ಅಂದಳು ವೀರಭದ್ರಮ್ಮ, ಮುಖ ಎತ್ತದೆ.

"ಇಲ್ರಿ."

"ಮತ್ತ?"

"ಅಕ್ಕಾ, ಎಡಗಡಿ ಒಂದ ಯಾಕ ಬಿಚ್ಚೀರಿ?"

ಮಷಿನ್ನು ನಿಂತಿತು. ಹೊರಗೆ ಯಾರೋ ಪ್ಲಾಸ್ಟಿಕ್ ಕೊಡ ಮಾರುವವನು ಕೂಗುತ್ತ ಹೋದ. ಅವನ ಕೂಗು ಓಣಿ ತಿರುಗಿ ಮರೆಯಾಯಿತು. ಆಮೇಲೆ ವೀರಭದ್ರಮ್ಮ ಎದ್ದು ಬಾಗಿಲು ಮುಂದೆ ಮಾಡಿ, ಬೆನ್ನು ತಿರುಗಿಸಿ ಹುಕ್ಕು ಬಿಚ್ಚಿದಳು. ತಿರುಗಿದಾಗ ಸುಧಾರಾಣಿ ಕಂಡದ್ದು ಮೋಸಂಬಿ ಸಿಪ್ಪೆಯ ಹಾಗೆ ಕುಳಿ ಬಿದ್ದ ಚರ್ಮ, ಒಳಕ್ಕೆ ಎಳೆದುಕೊಂಡ ತೊಟ್ಟು.

"ನೋಯ್ತೈತೇನ್ರಿ?"

"ಇಲ್ಲ. ಅದಕ್ಕ ಸುಮ್ನಿದ್ದೆ." ಹುಕ್ಕು ಹಾಕಿಕೊಳ್ಳುತ್ತ ಅಂದಳು: "ಕರಡಿಗಿ ಒತ್ತಿ ಹಂಗಾಗೈತಿ ಅಂತ…"

"ನಾಳಿ ಮುಂಜಾನಿ ಬಸ್ಸಿಗೆ ಹೋಗೂಣು. ನಾ ಬರ್ತೀನಿ."

"ಅಲ್ಲಿ ತೂಕ ಮಾಡ್ತಾರ."

ಸುಧಾರಾಣಿ ಆಕೆಯ ಮುಖ ನೋಡಿದಳು. ಒಂದು ವರ್ಷ ಯಾತಕ್ಕೆ ಹೋಯಿತು ಅನ್ನುವುದು ಆಗ ಆಕೆಗೆ ಗೊತ್ತಾಯಿತು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಪಾಳಿ ಬಂದಾಗ ಸುಧಾರಾಣಿ ಮುಂದೆ ಹೋಗಿ ನರ್ಸಮ್ಮನ ಕಿವಿಯಲ್ಲಿ ಏನೋ ಹೇಳಿದಳು. ಆಮೇಲೆ ತಾನು ಪಾಳಿಗೆ ಬೆನ್ನು ಕೊಟ್ಟು, ಸೆರಗು ಎರಡೂ ಕೈಗೆ ಅಗಲ ಹಿಡಿದು, ತೂಕದ ಮಷಿನ್ನಿಗೆ ಅಡ್ಡ ನಿಂತಳು. ನರ್ಸಮ್ಮ ಅಂಕಿ ನೋಡಿ ಚೀಟಿಯಲ್ಲಿ ಬರೆದಳು. ಬಾಯಿ ಬಿಡಲಿಲ್ಲ. ಅಷ್ಟೇ ಆದದ್ದು. ಇಷ್ಟಕ್ಕೆ ಒಂದು ವರ್ಷ ಕಾದಂತಾಯಿತು.

ಎಕ್ಸ್‌ರೇ ತೆಗೆಯುವ ಕೋಣೆಯಲ್ಲಿ ಕೊರಳಲ್ಲಿದ್ದದ್ದೆಲ್ಲ ತೆಗೆಯಬೇಕು ಅಂದರು. ವೀರಭದ್ರಮ್ಮ ಕರಡಿಗೆಯನ್ನು ಕರ್ಚೀಫಿನಲ್ಲಿ ಸುತ್ತಿ ಬಲಗೈ ರಟ್ಟೆಗೆ ಕಟ್ಟಿಸಿಕೊಂಡಳು. ಮೈಗಂತೂ ತಾಗಿಯೇ ಇತ್ತು. ಸೂಜಿಯಿಂದ ಗಂಟಿನ ಚೂರು ತೆಗೆದರು. ಹತ್ತು ದಿನಕ್ಕೆ ಡಾಕ್ಟರಮ್ಮ ಕೂರಿಸಿ ಹೇಳಿದರು: ಕ್ಯಾನ್ಸರ್, ಕಂಕುಳಿಗೂ ಹೋಗಿದೆ.

"ನನ್ನ ಮೈ ದಪ್ಪ ಐತಿ ಅಂತ ಬಂತೇನ್ರಿ?" ಇದೊಂದನ್ನೇ ವೀರಭದ್ರಮ್ಮ ಕೇಳಿದ್ದು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹಂಗ ಅನ್ನಾಕ ಬರೂದಿಲ್ಲಮ್ಮ. ತೆಳ್ಳಗಿದ್ದವರಿಗೂ ಬರ್ತೈತಿ, ದಪ್ಪ ಇದ್ದವರಿಗೆಲ್ಲಾ ಬರೂದಿಲ್ಲ. ಮುಟ್ಟು ನಿಲ್ಲೂ ತನಕ ಹೆಣ್ಣಿನ ಹಾರ್ಮೋನು ಅಂಡಾಶಯದಾಗ ತಯಾರಾಗ್ತಿರತೈತಿ. ನಿಂತ ಮ್ಯಾಲ ಆ ಕೆಲಸ ಮೈಯಾಗಿನ ಕೊಬ್ಬು ಮಾಡ್ತೈತಿ. ಕೊಬ್ಬು ಹೆಚ್ಚಿದ್ದಷ್ಟೂ ಆ ಹಾರ್ಮೋನು ಹೆಚ್ಚು. ಕೆಲವು ಗಂಟು ಅದನ್ನ ಉಂಡು ಬೆಳೀತಾವ. ಅಪಾಯ ಹೆಚ್ಚು, ಅಷ್ಟ. ನಿಮ್ಮ ಒಬ್ಬರ ಗಂಟು ಅದರಿಂದನ ಬಂತು ಅಂತ ಯಾರೂ ಹೇಳಲಾರರು. ಇದು ತಪ್ಪಿನ ಮಾತಲ್ಲ."

"ಒಂದು ವರ್ಷದ ಹಿಂದ ಬಂದಿದ್ರ?"

"ಆಗ ಗಂಟು ಸಣ್ಣದಿರತಿತ್ತು. ನಮ್ಮ ಕೆಲಸಾನೂ ಸಣ್ಣದಾಗತಿತ್ತು."

ಸುಧಾರಾಣಿ ನೆಲ ನೋಡುತ್ತ ನಿಂತಿದ್ದಳು.

ಹಿಂದಿರುಗುವ ಬಸ್ಸಿನಲ್ಲಿ ಈ ಸಲ ಪಕ್ಕದ ಸೀಟು ಖಾಲಿ ಇರಲಿಲ್ಲ. ಅರ್ಧ ದಾರಿ ಕಳೆದ ಮೇಲೆ ಸುಧಾರಾಣಿ ಅಂದಳು: "ಅವತ್ತು ನಾ ಹಂಗ ಅನ್ನಬಾರದಿತ್ತು ಅಕ್ಕಾ."

"ಅಂದಿ. ಏನ್ಮಾಡೂದು." ವೀರಭದ್ರಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ಒಂದು ಊರು ಕಳೆಯಿತು. "ನೀ ಒಬ್ಬಾಕೇನ ನಕ್ಕಿದ್ದು?"

ಕ್ಷಮಿಸಿದಳೋ ಇಲ್ಲವೋ, ಅದನ್ನು ಸುಧಾರಾಣಿ ಮತ್ತೆ ಕೇಳಲಿಲ್ಲ.

ಎಡದ ಎದೆ ತೆಗೆದರು. ಆಮೇಲೆ ಇಪ್ಪತ್ತೊಂದು ದಿನಕ್ಕೊಮ್ಮೆ ಸಲೈನಿನಲ್ಲಿ ಔಷಧ. ಕೂದಲು ಉದುರಿತು, ನಾಲಗೆ ಸುಟ್ಟಿತು, ಅನ್ನ ಕಂಡರೆ ವಾಕರಿಕೆ. ತಮ್ಮ ಚನ್ನಬಸವರಾಜ ಸಿರುಗುಪ್ಪದಿಂದ ಸಣ್ಣಕ್ಕಿಯ ಚೀಲ ತಂದು ಇಳಿಸಿ, ಅಕ್ಕನ ತಲೆ ನೋಡಿ ಬಾಗಿಲ ಹಿಂದೆ ಹೋಗಿ ಅತ್ತ. "ನಡಿಯಕ್ಕ ನಮ್ಮನಿಗೆ" ಅಂದ. "ಆರಾಮಾದ ಮ್ಯಾಲ ಬರ್ತೀನಿ" ಅಂದಳು. ಅಕ್ಕ ಬರುವುದಿಲ್ಲ ಅನ್ನುವುದು ಅವನಿಗೆ ಗೊತ್ತಿತ್ತು.

ಆರು ತಿಂಗಳಲ್ಲಿ ಮೈ ಅರ್ಧಕ್ಕಿಳಿಯಿತು. ಎಂಥ ವಿಚಿತ್ರ ನೋಡಿ, ಓಣಿಯ ಹೆಂಗಸರು ಆಗ ಹೊಗಳತೊಡಗಿದರು. ನಲ್ಲಿಯ ಹತ್ತಿರ ಸಿಕ್ಕವಳೊಬ್ಬಳು, "ಯಕ್ಕಾ, ತೆಳ್ಳಗಾಗಿ ಎಷ್ಟು ಚೆಂದ ಕಾಣ್ತಿ! ಏನು ತಿಂತಿ, ನಮಗೂ ಹೇಳು" ಅಂದಳು. ಪಕ್ಕೀರಮ್ಮ, "ಈಗ ನೋಡು, ಮದುವಿ ಹೆಣ್ಣು ಆಗೀದಿ" ಅಂದಳು. ಇಪ್ಪತ್ತು ವರ್ಷ ಕಾದರೂ ಬರದ ಒಳ್ಳೆಯ ಮಾತು ಕೊನೆಗೆ ಬಂದದ್ದು ಹೀಗೆ. ವೀರಭದ್ರಮ್ಮ ಸೆರಗನ್ನು ಎಡಗಡೆಗೆ ಇನ್ನಷ್ಟು ಎಳೆದುಕೊಂಡು ಕೊಡ ಎತ್ತಿಕೊಂಡು ಬಂದಳು.

ಔಷಧ ಮುಗಿದು ಮತ್ತೆ ಮಷಿನ್ನಿಗೆ ಕೂತಳು. ತಾನಾಗಿ ಒಂದು ಕೆಲಸ ಹಚ್ಚಿಕೊಂಡಳು. ನಲವತ್ತು ದಾಟಿದ ಯಾರೇ ಅಳತೆಗೆ ಬರಲಿ, ಹೋದ ವರ್ಷದ ಅಳತೆ ನೆನಪಿನಿಂದ ತೆಗೆದು, ಕಟ್ಟೆಯ ಮೇಲೆ ಅಲ್ಲ, ಒಳಗೆ ಕರೆದು, ಮೆಲ್ಲಗೆ ಹೇಳುತ್ತಿದ್ದಳು: "ಮೂರು ಇಂಚು ಏರೈತಿ ತಂಗಿ. ಮುಟ್ಟು ನಿಂತೈತೇನು? ದಿನಾ ಒಂದಿಷ್ಟು ನಡಿ. ಮೈ ತೊಳಿಯೂವಾಗ ಕೈಯಾಡಿಸಿ ನೋಡ್ಕೋ. ಏನರ ಸಿಕ್ರ ಸುಧಾರಾಣಿ ಕಡೆ ಹೋಗು." ಯಾರೂ ನಗಬಾರದೆಂದು ಎಷ್ಟು ಜೋಪಾನವಾಗಿ ಹೇಳಿದರೂ, ಕೇಳಿದವರಿಗೆ ಅದು ಚುಚ್ಚುತ್ತಿತ್ತು. ಕೆಲವರು ಹೂಂ ಅಂದು ಹೋಗಿ ತೋರಿಸಿಕೊಂಡರು. ಕೆಲವರು ಜಂಪರಿನ ಬಟ್ಟೆ ವಾಪಸು ತೆಗೆದುಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಬಂದ ಟೈಲರಿನ ಕಡೆ ಹೋದರು. ಪಕ್ಕೀರಮ್ಮನೂ ಹೋದಳು. "ತನಗ ಬಂತು ಅಂತ ಊರಿಗೆಲ್ಲಾ ಬರಲಿ ಅಂತಾಳ" ಅಂದಳಂತೆ. ಕಟ್ಟೆ ಬರಿದಾಗತೊಡಗಿತು. ವೀರಭದ್ರಮ್ಮ ಹೇಳುವುದು ಬಿಡಲಿಲ್ಲ.

ಎರಡು ವರ್ಷ ಹೀಗೆ ಕಳೆಯಿತು. ಆಮೇಲೆ ನಡು ನೋಯಲು ಹತ್ತಿತು. ಈ ಸಲ ಆಕೆ ಸುಮ್ಮನಿರಲಿಲ್ಲ. ತಾನೇ ಸುಧಾರಾಣಿಯ ಮನೆಗೆ ನಡೆದು ಹೋದಳು. ಆದರೆ ರೋಗ ಆಕೆಗಿಂತ ಮೊದಲು ಹೊರಟಿತ್ತು. ಬೆನ್ನೆಲುಬಿಗೆ ಬಂದಿದೆ, ತೊಡೆಯ ಎಲುಬಿಗೂ ಬಂದಿದೆ ಅಂದರು. ಮತ್ತೆ ಎರಡು ಬೇರೆ ಔಷಧ ಕೊಟ್ಟು ನೋಡಿದರು. ನಿಲ್ಲಲಿಲ್ಲ. ಕೊನೆಗೆ ಡಾಕ್ಟರಮ್ಮ, ಇನ್ನು ನೋವು ಕಡಿಮೆ ಮಾಡುವುದಷ್ಟೇ ನಮ್ಮ ಕೈಯಲ್ಲಿದೆ, ಬೇಕೆಂದಾಗ ಬಂದು ಇರಿ ಅಂದರು.

ಬೇಕೆಂದ ದಿನ ಬಂತು. ಒಂದು ಗುರುವಾರ ಬೆಳಿಗ್ಗೆ ಸುಧಾರಾಣಿ ಆಟೋ ತಂದು ಕಟ್ಟೆಯ ಮುಂದೆ ನಿಲ್ಲಿಸಿದಳು. ಚನ್ನಬಸವರಾಜ ಸಿರುಗುಪ್ಪದಿಂದ ನೇರ ಬಳ್ಳಾರಿಯ ಆಸ್ಪತ್ರೆಗೆ ಬರುತ್ತೇನೆ ಅಂದಿದ್ದ. ವೀರಭದ್ರಮ್ಮ ಉಳಿದಿದ್ದ ಮೂರು ಗಿರಾಕಿಗಳ ಜಂಪರು ಮುಗಿಸಿ, ಹುಕ್ಕು ಹಾಕಿ, ಹೆಸರು ಬರೆದ ಚೀಟಿ ಸೂಜಿಯಿಂದ ಚುಚ್ಚಿ, ಕಿಟಕಿಯಲ್ಲಿ ಇಟ್ಟಿದ್ದಳು. ಮತ್ತೆ ಈ ಮನೆಗೆ ಬರುವುದಿಲ್ಲ ಅಂತ ಆಕೆಗೆ ಗೊತ್ತಿತ್ತು, ಸುಧಾರಾಣಿಗೂ ಗೊತ್ತಿತ್ತು.

"ಗ್ಯಾಸ್ ಬಂದ್ ಮಾಡಿಯೇನು?"

"ಮಾಡೀನ್ರಿ ಅಕ್ಕಾ."

"ಕೀಲಿ ಮನಿ ಮಾಲಕರಿಗೆ ಮುಟ್ಟಿಸು."

"ಹೂಂನ್ರಿ."

ಎದುರು ಬಾಗಿಲಲ್ಲಿ ಪಕ್ಕೀರಮ್ಮ ಬಂದು ನಿಂತಿದ್ದಳು. ಬಾಯಿಯ ಮೇಲೆ ಸೆರಗಿತ್ತು. ರಸ್ತೆ ದಾಟಿ ಬರಲಿಲ್ಲ.

ಕಟ್ಟೆಗೆ ಮೂರು ಮೆಟ್ಟಿಲು. ವೀರಭದ್ರಮ್ಮ ಬಲಗೈಯಲ್ಲಿ ಗೋಡೆ ಹಿಡಿದು, ಒಂದು ಕಾಲು ಕೆಳಗೆ ಚಾಚಿ, ತೊಡೆಯ ನೋವಿಗೆ ಮತ್ತೆ ಮೇಲೆ ಎತ್ತಿಕೊಂಡಳು.

"ಅಕ್ಕಾ, ಗ್ವಾಡಿ ಬಿಡ್ರಿ. ನನ್ನ ಹೆಗಲ ಮ್ಯಾಲ ಕೈ ಹಾಕ್ರಿ."

"ನೀ ತಡಿಯಂಗಿಲ್ಲ ತಂಗಿ. ಬೀಳ್ತಿ."

ಆ ಮೈಯಲ್ಲಿ ಆಗ ತೂಕ ಅನ್ನುವಂಥದು ಏನೂ ಉಳಿದಿರಲಿಲ್ಲ. ಸುಧಾರಾಣಿ ಅದನ್ನು ಹೇಳಲಿಲ್ಲ. ಒಂದು ಮೆಟ್ಟಿಲು ಕೆಳಗೆ ಇಳಿದು, ಕಾಲು ಅಗಲ ಊರಿ, ಹೆಗಲು ಕೊಟ್ಟು ನಿಂತಳು. "ತಡೀತೀನಿ. ಎಲ್ಲಾ ಭಾರ ಬಿಡ್ರಿ."

ವೀರಭದ್ರಮ್ಮ ಮೊದಲು ಬೆರಳು ಇಟ್ಟಳು. ಆಮೇಲೆ ಅಂಗೈ. ಆಮೇಲೆ ಗೋಡೆಯಿಂದ ಇನ್ನೊಂದು ಕೈಯನ್ನೂ ತೆಗೆದು, ಮೈಯನ್ನೆಲ್ಲ ಆ ಹೆಗಲಿಗೆ ಒಪ್ಪಿಸಿದಳು. ಸುಧಾರಾಣಿಯ ತೋಳು ಆಕೆಯ ನಡುವನ್ನು ಸುತ್ತಿ ಹಿಡಿಯಿತು. ಹಾಗೇ ಸ್ವಲ್ಪ ಹೊತ್ತು ನಿಂತರು; ಆಟೋದವನು ಹಾರ್ನ್ ಹೊಡೆಯದೆ ಕಾದ. ಆಮೇಲೆ ಇಬ್ಬರೂ ಸೇರಿ ಮೊದಲನೆಯ ಮೆಟ್ಟಿಲು ಇಳಿದರು.